ನಮ್ಮ ಟ್ರ್ಯಾಕ್ಟರ್ ಶೋರೂಮಿನ ಹಿಂಬದಿಯಲ್ಲಿ ದುಡಿದವರಿಗೆ

ಹಳೇ ಸ್ಟಾಕಿನಲ್ಲಿ ಉಳಿದಿದ್ದ ಕೊನೆಯ ಟ್ರ್ಯಾಕ್ಟರ್ ಕಳೆದ ವಾರ ಡೆಲಿವರಿ ಆಯಿತು. ಅದರ ದುಡ್ಡು ಬಂದ ಕೂಡಲೇ ಸ್ಟಾಕಿನ ಮೇಲಿದ್ದ ಸಾಲವನ್ನೂ ಚುಕ್ತಾ ಮಾಡಿದೆವು. ಡೀಲರ್‌ಶಿಪ್ ಉಳಿಯಿತು. ಬಾಗಿಲು ಹಾಕಬೇಕಾಗುತ್ತದೇನೋ ಅಂತ ಒಂದು ಹಂತದಲ್ಲಿ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದ್ದೆವು, ಈಗ ಆ ಮಾತೇ ಇಲ್ಲ. ಸುದ್ದಿ ಕೇಳಿದವರೆಲ್ಲ ಬಂದು ನನ್ನ ಕೈ ಹಿಡಿದು "ಗಟ್ಟಿ ಕಣ್ರೀ ನೀವು, ನಿಭಾಯಿಸಿಬಿಟ್ರಿ" ಅಂತಿದ್ದಾರೆ. ಪ್ರೀತಿಯಿಂದ ಹೇಳ್ತಾರೆ, ಸಂತೋಷವೇ. ಆದರೆ ನಿಭಾಯಿಸಿದವರು ಯಾರು ಅಂತ ನನಗೆ ಗೊತ್ತಿದೆ, ಅವರ ಬಗ್ಗೆ ಎಲ್ಲರ ಮುಂದೆ ಹೇಳದೆ ಇದ್ದರೆ ನನಗೆ ಸಮಾಧಾನ ಆಗೋದಿಲ್ಲ.

ಮೊದಲು ಈ ವ್ಯಾಪಾರ ಹೇಗೆ ಅಂತ ಎರಡು ಮಾತು. ಅಂಗಳದಲ್ಲಿ ಸಾಲಾಗಿ ಹೊಸ ಟ್ರ್ಯಾಕ್ಟರ್ ನಿಂತಿದ್ದರೆ ಡೀಲರ್ ದೊಡ್ಡ ಸಾಹುಕಾರ ಅಂತ ಜನ ಅಂದುಕೊಳ್ಳುತ್ತಾರೆ. ಅವೆಲ್ಲ ಸಾಲದ ಗಾಡಿಗಳು. ಕಂಪನಿ ಮಾಲು ಕಳಿಸುತ್ತದೆ, ಬ್ಯಾಂಕೋ ಫೈನಾನ್ಸ್ ಸಂಸ್ಥೆಯೋ ಅದರ ದುಡ್ಡು ಕಟ್ಟುತ್ತದೆ, ಗಡುವಿನೊಳಗೆ ಮಾರಾಟ ಆದರೆ ಸರಿ, ಗಡುವು ದಾಟಿದರೆ ಬಡ್ಡಿ ದಿನದಿನಕ್ಕೂ ಏರುತ್ತದೆ. ಮಾರಾಟ ವರ್ಷವಿಡೀ ಒಂದೇ ಸಮ ಇರೋದಿಲ್ಲ. ಬಿತ್ತನೆಗೆ ಮುಂಚೆ ಒಂದಷ್ಟು, ಕೊಯ್ಲು ಮುಗಿದು ರೈತರ ಕೈಗೆ ದುಡ್ಡು ಬಂದಾಗ ಒಂದಷ್ಟು. ಮಳೆ ಕೈಕೊಟ್ಟರೆ ಈ ಎರಡೂ ಸೀಸನ್ ಒಟ್ಟಿಗೆ ಹೋಗುತ್ತವೆ. ಸ್ಟಾಕ್ ಮಾತ್ರ ಅಲ್ಲೇ ಇರುತ್ತದೆ. ನಮಗೆ ಆಗಿದ್ದೂ ಅದೇ. ಮಳೆ ಚೆನ್ನಾಗಿರುತ್ತದೆ ಅಂತ ಎಲ್ಲರೂ ನಂಬಿದ್ದ ಹೊತ್ತಿನಲ್ಲಿ ಬಂದ ಗಾಡಿಗಳು ಅಂಗಳ ಬಿಟ್ಟು ಕದಲಲಿಲ್ಲ.

ನಿಂತ ಗಾಡಿ ಸುಮ್ನೆ ನಿಂತಿರೋದಿಲ್ಲ. ಬ್ಯಾಟರಿ ಇಳಿಯುತ್ತದೆ. ಟೈರಿನ ಒಂದೇ ಭಾಗದ ಮೇಲೆ ಭಾರ ಬೀಳುತ್ತದೆ. ಡೀಸೆಲ್ ಟ್ಯಾಂಕಿನಲ್ಲಿ ಖಾಲಿ ಜಾಗ ಇದ್ದರೆ ರಾತ್ರಿಯ ತಂಪಿಗೆ ಒಳಗಡೆ ತೇವ ಕೂತು ನೀರಾಗಿ ಡೀಸೆಲಿನ ತಳಕ್ಕೆ ಇಳಿಯುತ್ತದೆ. ನಮ್ಮ ವಾಚ್‌ಮನ್ ಇದನ್ನೆಲ್ಲ ಮೆಕ್ಯಾನಿಕ್‌ಗಳ ಹತ್ತಿರ ಕೇಳಿ ಕಲಿತುಕೊಂಡರು. ಯಾರೂ ಹೇಳದೆಯೇ ಪ್ರತಿ ವಾರ ಒಂದೊಂದಾಗಿ ಸ್ಟಾರ್ಟ್ ಮಾಡಿ, ಸ್ವಲ್ಪ ಮುಂದೆ ಹಿಂದೆ ಓಡಿಸಿ, ಟೈರಿನ ಗಾಳಿ ನೋಡಿ ನಿಲ್ಲಿಸುತ್ತಿದ್ದರು. ಕೊನೆಯ ಗಾಡಿ ತಗೊಂಡ ರೈತರು ಕೀ ತಿರುಗಿಸಿದ ಕೂಡಲೇ ಎಂಜಿನ್ ಹಿಡಿಯಿತಲ್ಲ, ಅದು ಅವರ ಕೆಲಸ. ಅಣ್ಣಾ, ನಿಮಗೆ ಮೊದಲ ನಮಸ್ಕಾರ.

ಹೊಸ ಗಾಡಿ ಮಾರಾಟ ಆಗದೆ ಇದ್ದಾಗ ಬಾಡಿಗೆ, ಸಂಬಳ, ಕರೆಂಟ್ ಬಿಲ್ಲು ಎಲ್ಲಿಂದ ಬರಬೇಕು? ವರ್ಕ್‌ಶಾಪಿನಿಂದ, ಸ್ಪೇರ್ಸ್ ಕೌಂಟರಿನಿಂದ. ಹೊಸದು ಕೊಳ್ಳೋಕೆ ಆಗದ ರೈತ ಹಳೇ ಗಾಡಿಯನ್ನೇ ರಿಪೇರಿ ಮಾಡಿಸಿ ಇನ್ನೆರಡು ಸೀಸನ್ ಓಡಿಸುತ್ತಾನೆ. ಡೀಲರ್‌ಶಿಪ್ಪಿನ ಆರೋಗ್ಯ ನೋಡೋಕೆ ನಾನು ಇವತ್ತು ಇದೊಂದೇ ಲೆಕ್ಕ ಕೇಳುತ್ತೇನೆ: ತಿಂಗಳ ಖರ್ಚಿನಲ್ಲಿ ಎಷ್ಟು ಭಾಗವನ್ನು ಹಿಂದಿನ ಶೆಡ್ ಹೊರುತ್ತಿದೆ? ಶೋರೂಮಿನ ಗಾಜು, ಬ್ಯಾನರ್, ಹೂವಿನ ಹಾರ ಎಲ್ಲ ಆಮೇಲೆ.

ನಮ್ಮ ಫೋರ್‌ಮನ್ ಬಗ್ಗೆ ಹೇಳಲೇಬೇಕು. ಟ್ರ್ಯಾಕ್ಟರಿನ ಕ್ಲಚ್ ಪ್ಲೇಟ್ ಬದಲಾಯಿಸೋದು ಅಂದರೆ ಗಾಡಿಯನ್ನು ನಡುವಿನಿಂದ ಎರಡು ಭಾಗ ಮಾಡಬೇಕು. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ. ಬಿಚ್ಚೋದು ದೊಡ್ಡದಲ್ಲ. ಮತ್ತೆ ಸೇರಿಸುವಾಗ ಗೇರ್‌ಬಾಕ್ಸಿನ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ನೇರವಾಗಿ ಹೋಗಿ ಕೂರಬೇಕು. ಸ್ವಲ್ಪ ಓರೆಯಾದರೂ ಒಳಗೆ ಹೋಗೋದಿಲ್ಲ, ಬೋಲ್ಟ್ ಬಿಗಿದು ಎಳೆದರೆ ಪ್ಲೇಟೇ ಹಾಳು. ಫೋರ್‌ಮನ್ ಹುಡುಗರನ್ನು ಅವಸರ ಪಡೋಕೆ ಬಿಡೋದಿಲ್ಲ. ಜ್ಯಾಕಿನ ಎತ್ತರವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ, ಒಬ್ಬನಿಗೆ ಎಂಜಿನ್ನಿನ ಹಿಂಬದಿಯ ಭಾರದ ಚಕ್ರ, ಅಂದರೆ ಫ್ಲೈವ್ಹೀಲನ್ನು ಮೆಲ್ಲಗೆ ತಿರುಗಿಸೋಕೆ ಹೇಳಿ, ತಾವು ಜೋಡಣೆಯ ಸಂದಿನಲ್ಲಿ ಬೆರಳಿಟ್ಟು ಸುತ್ತಲೂ ಅಂತರ ಒಂದೇ ಸಮ ಇದೆಯಾ ಅಂತ ಸವರಿ ನೋಡುತ್ತಾರೆ. "ಹಾಂ, ಈಗ ಒಳಗೆ ಹೋಯ್ತು" ಅಂತ ಅವರು ಹೇಳಿದ ಮೇಲೆಯೇ ಬೋಲ್ಟು. ಆ ಕಷ್ಟದ ದಿನಗಳಲ್ಲಿ ಅವರಿಗೆ ಬೇರೆ ಕಡೆಯಿಂದ ಜಾಸ್ತಿ ಸಂಬಳಕ್ಕೆ ಕರೆ ಬಂದಿತ್ತು. ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಅದೂ ಬೇರೆಯವರ ಬಾಯಿಂದ. ಅವರು ಒಂದು ಮಾತೂ ಆಡಲಿಲ್ಲ. ನಮ್ಮಲ್ಲಿ ಸಂಬಳ ಎರಡು ಕಂತಿನಲ್ಲಿ ಆಗುತ್ತಿದ್ದಾಗಲೂ ಬೆಳಿಗ್ಗೆ ಶೆಡ್ಡಿನ ಶಟರ್ ಎತ್ತಿದವರು ಅವರೇ.

ಸ್ಪೇರ್ಸ್ ಕೌಂಟರಿನ ಅಕ್ಕನಿಗೆ ಏನು ಹೇಳಲಿ! ರೈತರೊಬ್ಬರು ಸವೆದುಹೋದ ಬೇರಿಂಗನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಾರೆ. ಬಿಲ್ಲಿಲ್ಲ, ಪಾರ್ಟ್ ನಂಬರ್ ಇಲ್ಲ. ಅಕ್ಕ ಅದನ್ನು ಡೀಸೆಲಿನಲ್ಲಿ ಅದ್ದಿ ಒರೆಸಿ, ಅಂಚಿನ ಮೇಲೆ ಕೆತ್ತಿದ ಅಂಕಿಯನ್ನು ಬೆಳಕಿಗೆ ಹಿಡಿದು ಓದುತ್ತಾರೆ. 6205. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ 25, ಅಂದರೆ ಒಳಗಿನ ತೂತು 25 ಮಿ.ಮೀ. ಹೊರಗಿನ ಅಳತೆ 52, ದಪ್ಪ 15. ಅಂಕಿ ಅಳಿಸಿಹೋಗಿದ್ದರೆ ವರ್ನಿಯರ್ ಇಟ್ಟು ಅಳೆದು ನಂಬರನ್ನು ತಾವೇ ಹೇಳುತ್ತಾರೆ. ದುಡ್ಡಿಲ್ಲದೆ ರ‍್ಯಾಕುಗಳು ಖಾಲಿ ಆಗುತ್ತಾ ಬಂದಾಗ ಯಾವುದನ್ನು ತರಿಸಬೇಕು, ಯಾವುದನ್ನು ಬಿಡಬಹುದು ಅಂತ ಪಟ್ಟಿ ಮಾಡಿದ್ದು ಅವರು. ಫಿಲ್ಟರ್, ಆಯಿಲ್ ಸೀಲ್, ಫ್ಯಾನ್ ಬೆಲ್ಟ್, ಕ್ಲಚ್ ಪ್ಲೇಟ್ ಇವು ಒಂದು ದಿನವೂ ಇಲ್ಲ ಅನ್ನಬಾರದು ಅಂತ ಹಠ ಹಿಡಿದರು. ಅಲಂಕಾರದ ಸಾಮಾನು ಎಲ್ಲ ನಿಲ್ಲಿಸಿದರು. ಬಿತ್ತನೆ ಹೊತ್ತಿನಲ್ಲಿ ಒಂದು ಸೀಲಿಗೋಸ್ಕರ ಗಾಡಿ ಎರಡು ದಿನ ಹೊಲದಲ್ಲಿ ನಿಂತರೆ ಮಣ್ಣಿನ ಹದ ಹೋಗುತ್ತದೆ, ಆ ರೈತ ಮತ್ತೆ ನಮ್ಮ ಮೆಟ್ಟಿಲು ಯಾಕೆ ಹತ್ತಬೇಕು, ಅಲ್ವಾ?

ಬಿಡಿಭಾಗ ಹತ್ತಿರದಲ್ಲೇ ಸಿಗಬೇಕು ಅನ್ನೋದು ಇವತ್ತಿನ ಮಾತಲ್ಲ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ 1919ರಲ್ಲೇ ಒಂದು ಕಾನೂನು ಬಂತು. ವಿಲ್ಮಾಟ್ ಕ್ರೋಜಿಯರ್ ಅನ್ನುವ ರೈತ, ಶಾಸಕರೂ ಆಗಿದ್ದವರು, ಕೊಂಡ ಟ್ರ್ಯಾಕ್ಟರುಗಳು ಹೇಳಿದಷ್ಟು ಕೆಲಸ ಮಾಡದೆ ರೋಸಿಹೋಗಿ ಅದಕ್ಕಾಗಿ ಓಡಾಡಿದರು. ಮಾರುವ ಮಾಡೆಲನ್ನು ಪರೀಕ್ಷೆಗೆ ಒಡ್ಡಬೇಕು ಅನ್ನೋದು ಅದರ ಒಂದು ಭಾಗ, ಆ ಪರೀಕ್ಷೆಗಳು 1920ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶುರುವಾದವು. ನನಗೆ ಹಿಡಿಸೋದು ಇನ್ನೊಂದು ಭಾಗ: ಮಾರುವ ಕಂಪನಿ ಬಿಡಿಭಾಗಗಳನ್ನೂ ಸರ್ವಿಸ್ ವ್ಯವಸ್ಥೆಯನ್ನೂ ರಾಜ್ಯದೊಳಗೇ ಇಟ್ಟಿರಬೇಕು. ನೂರು ವರ್ಷದ ಹಿಂದೆಯೇ ರೈತರು ಕೇಳಿದ್ದು ಅದನ್ನೇ. ನಮ್ಮ ಅಕ್ಕ ಆ ಕಾನೂನು ಓದಿಲ್ಲ, ಆದರೆ ದಿನಾ ಪಾಲಿಸುತ್ತಿದ್ದಾರೆ.

ಬೇರೆ ಕಂಪನಿಯ ಟ್ರ್ಯಾಕ್ಟರ್ ಇಟ್ಟುಕೊಂಡ ರೈತರಿಗೂ ನಾವು ಋಣಿ. ರೋಟವೇಟರ್, ನೇಗಿಲು, ಕಲ್ಟಿವೇಟರ್ ರಿಪೇರಿಗೆ ಅವರು ನಮ್ಮಲ್ಲಿಗೇ ಬಂದರು. ಉಪಕರಣವನ್ನು ಟ್ರ್ಯಾಕ್ಟರಿನ ಹಿಂದೆ ಮೂರು ಕಡೆ ಜೋಡಿಸುವ ತ್ರೀ ಪಾಯಿಂಟ್ ಲಿಂಕೇಜ್ ಎಲ್ಲ ಕಂಪನಿಗಳಿಗೂ ಒಂದೇ ಕ್ರಮದ್ದು ಆಗಿರೋದರಿಂದ ಇದು ಸಾಧ್ಯ. ಹ್ಯಾರಿ ಫರ್ಗುಸನ್ ರೂಪಿಸಿದ ಆ ವ್ಯವಸ್ಥೆ 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನ ಜೊತೆ ದೊಡ್ಡ ಪ್ರಮಾಣದಲ್ಲಿ ಹೊಲಗಳಿಗೆ ಇಳಿಯಿತು. ಅದರಲ್ಲಿ ಕೆಟಗರಿ ಅಂತ ಅಳತೆಯ ವರ್ಗಗಳಿವೆ: ಕೆಳಗಿನ ಜೋಡಣೆಯ ಪಿನ್ ಒಂದನೇ ಕೆಟಗರಿಯದ್ದು 22 ಮಿ.ಮೀ., ಎರಡನೆಯದ್ದು 28. ಅಷ್ಟು ಗೊತ್ತಿದ್ದರೆ ಯಾರ ಉಪಕರಣವನ್ನಾದರೂ ಕೈಗೆತ್ತಿಕೊಳ್ಳಬಹುದು. "ನಮ್ಮ ಗಾಡಿ ನಿಮ್ಮದಲ್ಲ, ಮಾಡಿಕೊಡ್ತೀರಾ?" ಅಂತ ಸಂಕೋಚದಿಂದ ಕೇಳುತ್ತಿದ್ದರು. ನೀವು ಬಂದ ತಿಂಗಳುಗಳಲ್ಲಿ ನಮ್ಮ ವೆಲ್ಡರಿಗೆ ಪೂರ್ತಿ ಸಂಬಳ ಕೊಡೋಕಾಯಿತು. ಸಂಕೋಚ ಬೇಡ, ಇನ್ನು ಮುಂದೆಯೂ ಬನ್ನಿ.

ರಾತ್ರಿ ಹೊತ್ತು ಫೋನ್ ಎತ್ತಿದ ಹುಡುಗರಿಗೂ ಥ್ಯಾಂಕ್ಸ್. ಡೀಸೆಲ್ ಖಾಲಿಯಾಗಿ ಪೈಪಿಗೆ ಏರ್ ಹಿಡಿದ ಗಾಡಿಗೆ ಹೊಲದ ತನಕ ಹೋಗಿ ವಿಸಿಟ್ ಚಾರ್ಜ್ ಹಾಕಬಹುದಿತ್ತು. ಇವರು ಫೋನಿನಲ್ಲೇ "ಫಿಲ್ಟರ್ ಮೇಲಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಕೈ ಪಂಪ್ ಒತ್ತುತ್ತಾ ಇರಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ" ಅಂತ ಹೇಳಿ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಯೇ ಫೋನ್ ಇಡುತ್ತಿದ್ದರು. ಹಾಗೆ ಬಿಟ್ಟುಕೊಟ್ಟ ದುಡ್ಡಿನ ಲೆಕ್ಕ ನಾನು ಕೇಳಿಲ್ಲ, ಕೇಳೋದೂ ಇಲ್ಲ. ಆ ರೈತರಲ್ಲಿ ಎಷ್ಟೋ ಜನ ಸೀಸನ್ ಮುಗಿದ ಮೇಲೆ ತಾವಾಗಿಯೇ ಎಂಜಿನ್ ಕೆಲಸಕ್ಕೆ ಗಾಡಿ ತಂದು ಬಿಟ್ಟರು.

ಬುಕಿಂಗ್ ಅಡ್ವಾನ್ಸ್ ವಾಪಸ್ ಕೇಳದೆ "ಮಳೆ ಬರಲಿ, ತಗೊಂಡು ಹೋಗ್ತೀವಿ" ಅಂದವರಿಗೆ, ಬೆಳೆ ಕೈಗೆ ಬರದಿದ್ದರೂ ಸರ್ವಿಸ್ ಬಿಲ್ಲನ್ನು ಸ್ವಲ್ಪಸ್ವಲ್ಪವೇ ತಂದು ತೀರಿಸಿದವರಿಗೆ, ತಮ್ಮ ಸ್ಟಾಕಿನಲ್ಲಿದ್ದ ಹೈಡ್ರಾಲಿಕ್ ಪಂಪನ್ನು "ನಿಮಗೆ ಬಂದಾಗ ಕೊಡಿ" ಅಂತ ಕಳಿಸಿದ ಪಕ್ಕದ ತಾಲ್ಲೂಕಿನ ಡೀಲರಿಗೆ, ಗಡುವು ಮುಗಿದಾಗ ಕೂರಿಸಿ ಮಾತಾಡಿ ಕಂತನ್ನು ಸೀಸನ್ನಿಗೆ ಹೊಂದಿಸಿಕೊಟ್ಟ ಬ್ಯಾಂಕಿನ ಮೇಡಂಗೆ, ಎಲ್ಲರಿಗೂ ಮನಸಾರೆ ಧನ್ಯವಾದ. ಬಾಕಿ ಇದ್ದ ಸಂಬಳ ಈ ತಿಂಗಳು ಪೂರ್ತಿ ಕೊಟ್ಟಿದ್ದೇವೆ. ಮೊದಲ ಲಾಭ ಸ್ಪೇರ್ಸ್ ರ‍್ಯಾಕಿಗೆ ಅಂತ ಅಕ್ಕನಿಗೆ ಮಾತು ಕೊಟ್ಟಿದ್ದೇನೆ, ಪಟ್ಟಿ ಆಗಲೇ ನನ್ನ ಕೈಗೆ ಬಂದಿದೆ, ಉದ್ದವೇ ಇದೆ.

ಬಿತ್ತನೆ ಹತ್ತಿರ ಬಂತು. ಹೊಸ ಗಾಡಿ ತಗೊಂಡವರು ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನೋಡಿಕೊಳ್ಳಿ, ಸಾಮಾನ್ಯವಾಗಿ 50 ಗಂಟೆಗೆ ಮೊದಲ ಸರ್ವಿಸ್ ಇರುತ್ತದೆ, ನಿಮ್ಮ ಗಾಡಿಯದ್ದು ಸರ್ವಿಸ್ ಪುಸ್ತಕದಲ್ಲಿ ಬರೆದಿದೆ. ಹಳೇ ಗಾಡಿಯವರು ಕೆಲಸ ಶುರುವಾಗೋ ಮುಂಚೆ ಒಮ್ಮೆ ತಂದು ತೋರಿಸಿ. ಫೋರ್‌ಮನ್ ಇದ್ದಾರೆ, ಅಕ್ಕ ಇದ್ದಾರೆ, ಸೀಲು ಫಿಲ್ಟರು ಎಲ್ಲ ಸ್ಟಾಕಿನಲ್ಲಿದೆ.