ಗುರುವಾರ ಶೆಡ್ಡಿನಲ್ಲಿ ತಾಯಿ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ದಡಾರ ಕಾಣಿಸಿಕೊಂಡಾಗಲೆಲ್ಲ ಬೆಂಗಳೂರಿನಲ್ಲಿ ಕೇಳಿಬರುವ ಮಾತು ಒಂದೇ: ಕೂಲಿಕಾರರಿಗೆ ತಿಳಿವಳಿಕೆ ಇಲ್ಲ, ಜಾಗೃತಿ ಮೂಡಿಸಬೇಕು. ಲಸಿಕೆ ಕೆಲಸವನ್ನು ಹತ್ತಿರದಿಂದ ಬಲ್ಲವರಿಗೆ ಇದು ಕಾಲು ಭಾಗದ ಸತ್ಯ ಅಷ್ಟೇ. ವರ್ತೂರು, ಸರ್ಜಾಪುರ ರಸ್ತೆ, ಥಣಿಸಂದ್ರದ ಕಡೆ ತಗಡಿನ ಶೆಡ್ಡುಗಳಲ್ಲಿರುವ ರಾಯಚೂರು, ಯಾದಗಿರಿ, ಬಿಹಾರ, ಬಂಗಾಳದವರ ಮಕ್ಕಳಿಗೆ ಲಸಿಕೆ ತಪ್ಪುತ್ತಿರುವುದು ಬಹುಮಟ್ಟಿಗೆ ನಾವು ಹಾಕಿಕೊಂಡ ವೇಳಾಪಟ್ಟಿಯಿಂದ.

ನಮ್ಮಲ್ಲಿ ಲಸಿಕೆಯ ದಿನ ಗುರುವಾರ. ಸೈಟಿನಲ್ಲಿ ಬಿಡುವು ಅಂತ ಸಿಕ್ಕರೆ ಅದು ಭಾನುವಾರ. ಗುರುವಾರ ಹತ್ತು ಗಂಟೆಗೆ ತಾಯಿ ಎಂಟನೇ ಮಹಡಿಗೆ ಇಟ್ಟಿಗೆ ಹೊರುತ್ತಿರುತ್ತಾಳೆ, ಮಗು ಏಳೆಂಟು ವರ್ಷದ ಅಕ್ಕನ ಕಂಕುಳಲ್ಲಿರುತ್ತದೆ. ಚುಚ್ಚಿದ ಮೇಲೆ ಮಗುವನ್ನು 30 ನಿಮಿಷ ಅಲ್ಲೇ ಕೂರಿಸಿಕೊಂಡು ನೋಡಬೇಕು, ಜ್ವರ ಬಂದರೆ ಏನು ಮಾಡಬೇಕು, ಮುಂದಿನ ಲಸಿಕೆ ಯಾವಾಗ ಎಂದು ಹೇಳಬೇಕು. ಇದನ್ನೆಲ್ಲ ಆ ಅಕ್ಕನಿಗೆ ಒಪ್ಪಿಸಿ ಲಸಿಕೆ ಹಾಕಲು ಯಾವ ಸಿಸ್ಟರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ತಾಯಿ ಇಳಿದು ಬಂದರೆ ಅರ್ಧ ದಿನದ ಕೂಲಿ ಹೋಯಿತು. ಐದು ರೋಗ ತಡೆಯುವ ಪೆಂಟಾ ಲಸಿಕೆ ಹಾಕಿದ ರಾತ್ರಿ ಮಗುವಿಗೆ ಮೈ ಕಾದು, ಕೈಯಲ್ಲಿ ಪ್ಯಾರಾಸಿಟಮಾಲ್ ಇಲ್ಲದಿದ್ದರೆ ಮರುದಿನದ ಕೂಲಿಯೂ ಹೋಗುತ್ತದೆ. ಎರಡನೇ ಡೋಸಿಗೆ ಅವಳು ಬರಲಿಲ್ಲವೆಂದು ಆಮೇಲೆ ನಾವು ಬರೆದುಕೊಳ್ಳುತ್ತೇವೆ.

ಇನ್ನು ಡ್ಯೂ ಲಿಸ್ಟ್, ಅಂದರೆ ಲಸಿಕೆ ಹಾಕಬೇಕಾದ ಮಕ್ಕಳ ಪಟ್ಟಿಯ ಮಾತು. ನಗರದಲ್ಲಿ ಒಬ್ಬ ಆಶಾ ಕಾರ್ಯಕರ್ತೆಗೆ 200ರಿಂದ 500 ಮನೆ, ಒಬ್ಬ ಎಎನ್‌ಎಂಗೆ (ಲಸಿಕೆ ಹಾಕುವ ಸಿಸ್ಟರಿಗೆ) ಸುಮಾರು 10,000 ಜನ ಎಂಬುದು ಲೆಕ್ಕ. ಆ ಲೆಕ್ಕ ಬಾಗಿಲಿಗೆ ನಂಬರ್ ಇರುವ ಮನೆಗಳದ್ದು. ಹೊಸ ಸೈಟು ಬೇಸ್‌ಮೆಂಟ್ ಅಗೆಯುವಾಗ ಹುಟ್ಟುವ ಶೆಡ್ಡು ಯಾರ ಏರಿಯಾಕ್ಕೂ ಸೇರದೆ, ಸಮೀಕ್ಷೆಯ ಹೊತ್ತಿಗೆ ಖಾಲಿಯಾಗಿರುತ್ತದೆ. ಡ್ಯೂ ಲಿಸ್ಟಿನಲ್ಲಿ ಹೆಸರೇ ಇಲ್ಲದ ಮಗುವಿಗೆ ಲಸಿಕೆ ತಪ್ಪಿದರೂ ವರದಿಯ ಶೇಕಡಾವಾರು ಕೆಡುವುದಿಲ್ಲ!

ಹೆಚ್ಚು ನಷ್ಟವಾಗುವುದು ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ. ದಡಾರ-ರುಬೆಲ್ಲಾ ಮೊದಲ ಡೋಸು, ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯ ಬೂಸ್ಟರ್, ಪೋಲಿಯೊ ಇಂಜೆಕ್ಷನ್ನಿನ ಮೂರನೆಯದು, 1 ಮಿ.ಲೀ. ವಿಟಮಿನ್ ಎ, ಎಲ್ಲವೂ ಆ ಒಂದೇ ಭೇಟಿಯಲ್ಲಿ. ಅದು ತಪ್ಪಿದರೆ ನಾಲ್ಕೂ ತಪ್ಪಿದಂತೆ. ದಡಾರದ ಎರಡನೇ ಡೋಸು 16ರಿಂದ 24 ತಿಂಗಳ ನಡುವೆ. ಅಷ್ಟರಲ್ಲಿ ಕಟ್ಟಡ ಮೇಲೆದ್ದು ಸಂಸಾರ ಇನ್ನೊಂದು ಸೈಟಿಗೆ ಹೋಗಿರುತ್ತದೆ.

ಮಗು ಬಂದರೂ ಲಸಿಕೆ ಸಿಗದ ಸಂದರ್ಭವಿದೆ. ದಡಾರ ಲಸಿಕೆಯ ಒಂದು ವಯಲ್‌ನಲ್ಲಿ (ಸೀಸೆಯಲ್ಲಿ) 5 ಅಥವಾ 10 ಡೋಸ್ ಇರುತ್ತದೆ. ಪುಡಿಗೆ ದ್ರಾವಣ ಬೆರೆಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಪೆಂಟಾದಂತೆ ತೆರೆದ ದಿನಾಂಕ ಬರೆದಿಟ್ಟು 28 ದಿನ ಬಳಸುವ ಅವಕಾಶ ಇದಕ್ಕಿಲ್ಲ. ಒಂದೇ ಮಗು ಬಂದರೂ ವಯಲ್ ಒಡೆಯಿರಿ ಎಂದೇ ನಿಯಮ ಹೇಳುತ್ತದೆ. ಆದರೆ ತಿಂಗಳ ಸಭೆಯಲ್ಲಿ ವೇಸ್ಟೇಜ್ ಯಾಕಾಯಿತು ಎಂದು ಕೇಳುತ್ತಾರೆಯೇ ಹೊರತು ಎಷ್ಟು ಮಕ್ಕಳನ್ನು ವಾಪಸ್ ಕಳಿಸಿದಿರಿ ಎಂದಲ್ಲ. ಹಾಗಾಗಿ ‘ಮುಂದಿನ ವಾರ ಬಾಮ್ಮ’ ಎಂಬ ಉತ್ತರ.

ಇನ್ನೊಂದು ಉತ್ತರ, ‘ಊರಿಗೆ ಹೋದಾಗ ಹಾಕಿಸು’. ಲಸಿಕೆಯ ಲೆಕ್ಕವಿರುವ ತಾಯಿ ಕಾರ್ಡ್ ಲಿಂಗಸುಗೂರಿನಲ್ಲಿ ಅಜ್ಜಿಯ ಟ್ರಂಕಿನಲ್ಲಿದ್ದರೆ ಇದೇ ಗತಿ. ಕಾರ್ಡ್ ಇಲ್ಲವೆಂದು ಮಗುವನ್ನು ಹಿಂದೆ ಕಳಿಸುವಂತಿಲ್ಲ. ಕ್ಷಯ ತಡೆಯುವ ಬಿಸಿಜಿಗೆ ಎಡತೋಳಿನ ಕಲೆ ನೋಡಬಹುದು. ಬೇರೆಯವಕ್ಕೆ ದಾಖಲೆಯಾಗಲಿ ನಂಬುವಂಥ ಮಾಹಿತಿಯಾಗಲಿ ಇಲ್ಲದಿದ್ದರೆ ಹಾಕಿಲ್ಲವೆಂದೇ ತಿಳಿದು ವಯಸ್ಸಿಗೆ ತಕ್ಕದ್ದನ್ನು ಕೊಡಬೇಕು. ತಡವಾದ ಸರಣಿಯನ್ನು ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ದಡಾರದ ಲಸಿಕೆಯನ್ನು 5 ವರ್ಷದವರೆಗೂ ಹಾಕಬಹುದು.

ಹಾಗಾದರೆ ಭಾನುವಾರ ಶೆಡ್ಡಿನಲ್ಲೇ ಹಾಕಿ ಎನ್ನುವುದು ಸುಲಭ. ಅದಕ್ಕೆ ಬೇಕಾದದ್ದನ್ನೂ ಹೇಳಬೇಕು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕಿತ್ತು. ಅಂಥ ಕೋಣೆ ಇರುವ ಕಡೆ ಲಸಿಕೆಗೆ ಅದೇ ಜಾಗ, ಮೇಸ್ತ್ರಿಯ ಹಾಜರಿ ಪುಸ್ತಕವೇ ಪಟ್ಟಿಗೆ ಆಧಾರ. ಕಾರ್ಮಿಕ ಇಲಾಖೆ ಮತ್ತು ಈಗಿನ ಐದು ಪಾಲಿಕೆಗಳು ಕೂತು ಮಾತಾಡಿದರೆ ತಿಂಗಳಿಗೊಮ್ಮೆ ದೊಡ್ಡ ಸೈಟುಗಳಿಂದಲೇ ಶುರು ಮಾಡಬಹುದು. ಸಿಸ್ಟರಿಗೆ ಬದಲಿ ರಜೆ, ಆಶಾಗೆ ಆ ದಿನದ ಭತ್ಯೆ, ಹಿಂದಿ ಅಥವಾ ಬಂಗಾಳಿ ಬಲ್ಲ ಒಬ್ಬರು ಜೊತೆಗಿರಬೇಕು.

ಇವಿಷ್ಟಕ್ಕಿಂತ ಮುಖ್ಯವಾದದ್ದು ಲಸಿಕೆ ಕಾಪಿಡುವ ಐಎಲ್‌ಆರ್ ಫ್ರಿಜ್ ಇರುವ ಕೋಣೆ. ಫ್ರೀಜರಿನಿಂದ ತೆಗೆದ ನಾಲ್ಕು ಐಸ್ ಪ್ಯಾಕ್‌ಗಳನ್ನು ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಟ್ಟು, ಆಮೇಲೆ ಲಸಿಕೆ ಒಯ್ಯುವ ಕ್ಯಾರಿಯರ್ ಡಬ್ಬಿಗೆ ಹಾಕಬೇಕು. ಅವಸರದಲ್ಲಿ ಕಲ್ಲಿನಂಥ ಪ್ಯಾಕ್ ಹಾಕಿದರೆ ಪೆಂಟಾ ಹೆಪ್ಪುಗಟ್ಟಿ ಕೆಡುತ್ತದೆ. ವಯಲ್ ಮೇಲಿನ ಬಣ್ಣದ ಗುರುತು ತೋರಿಸುವುದು ಬಿಸಿಗೆ ಕೆಟ್ಟದ್ದನ್ನು ಮಾತ್ರ, ತಣ್ಣಗೆ ಕೆಟ್ಟದ್ದನ್ನಲ್ಲ. ಸಂಜೆ ಉಳಿದ ವಯಲ್ ಮತ್ತೆ 2ರಿಂದ 8 ಡಿಗ್ರಿಯ ಫ್ರಿಜ್ ಸೇರಬೇಕು. ಆದ್ದರಿಂದ ಭಾನುವಾರದ ಆದೇಶ ಹೊರಡಿಸುವವರು ಅಂದು ಬೆಳಿಗ್ಗೆ ಏಳಕ್ಕೂ ಸಂಜೆ ಐದಕ್ಕೂ ಆ ಕೋಣೆಯ ಬೀಗ ತೆಗೆಯುವವರು ಯಾರು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಲಿ.

ಇತಿ,
ನಗರ ಮಕ್ಕಳ ಆರೋಗ್ಯ ಕಾರ್ಯಕರ್ತರು,
ಬೆಂಗಳೂರು