ಷೇರು ಬಿದ್ದಾಗ ಬೈಯ್ಯುವ ಮುನ್ನ

ಮಾನ್ಯರೇ,

ಡಿಮಾರ್ಟ್ ನಡೆಸುವ ಅವೆನ್ಯೂ ಸೂಪರ್‌ಮಾರ್ಟ್ಸ್ ಷೇರು 2024ರ ಅಕ್ಟೋಬರ್ 14ರ ಸೋಮವಾರ ಒಂದೇ ದಿನ ಶೇ 8ಕ್ಕೂ ಹೆಚ್ಚು ಕುಸಿದಾಗಿನಿಂದ ಸಣ್ಣ ಹೂಡಿಕೆದಾರರ ಗೋಳು ಕೇಳುತ್ತಿದ್ದೇನೆ. 'ಆಪರೇಟರ್‌ಗಳ (ಬೆಲೆಯನ್ನು ಬೇಕೆಂದೇ ಏರಿಳಿಸುವವರ) ಆಟ', 'ದೊಡ್ಡವರು ಮೊದಲೇ ಮಾರಿದ್ದಾರೆ' ಎಂಬೆಲ್ಲ ಮಾತು. ಆದರೆ ಕಂಪನಿಯ ತ್ರೈಮಾಸಿಕ ಫಲಿತಾಂಶ ಶನಿವಾರವೇ ಬಂದಿತ್ತು, ಓದಲು ಇಡೀ ಭಾನುವಾರವಿತ್ತು!

ತ್ರೈಮಾಸಿಕ ಲಾಭ ಹಿಂದಿನ ವರ್ಷದ ಇದೇ ಅವಧಿಯ 623 ಕೋಟಿಯಿಂದ 659 ಕೋಟಿ ರೂಪಾಯಿಗೆ ಏರಿದೆ, ನಿಜ. 'ಲಾಭ ಬಂದರೂ ಷೇರು ಯಾಕೆ ಬಿತ್ತು?' ಎನ್ನುವವರು ನೋಡಬೇಕಾದ ಅಂಕಿ ಬೇರೆ. ಎರಡು ವರ್ಷ ದಾಟಿದ ಹಳೆಯ ಮಳಿಗೆಗಳ ಮಾರಾಟ ಬೆಳವಣಿಗೆ ಹಿಂದಿನ ತ್ರೈಮಾಸಿಕದಲ್ಲಿ ಶೇ 9.1 ಇದ್ದದ್ದು ಈ ತ್ರೈಮಾಸಿಕದಲ್ಲಿ ಶೇ 5.5ಕ್ಕೆ ಇಳಿದಿದೆ. ಮಹಾನಗರಗಳ ದೊಡ್ಡ ಮಳಿಗೆಗಳಿಗೆ ಆನ್‌ಲೈನ್ ದಿನಸಿಯ ಪೆಟ್ಟು ಬಿದ್ದಿದೆ ಎಂದು ಕಂಪನಿಯ ಆಗಿನ ಸಿಇಒ ನೆವಿಲ್ ನೊರೊನ್ಹಾ ಅವರೇ ಒಪ್ಪಿಕೊಂಡಿದ್ದಾರೆ. ಹತ್ತು ನಿಮಿಷದಲ್ಲಿ ಬಾಗಿಲಿಗೆ ಹಾಲು, ಈರುಳ್ಳಿ ತರಿಸಿಕೊಳ್ಳುವವರಲ್ಲಿ ಈ ಷೇರುದಾರರೂ ಇದ್ದಾರಲ್ಲ!

ಪ್ರತಿ ಷೇರಿನ ವಾರ್ಷಿಕ ಲಾಭದ ಸುಮಾರು ನೂರು ಪಟ್ಟು ಬೆಲೆ ಕೊಟ್ಟು ಕೊಂಡ ಷೇರು ಸಣ್ಣ ನಿರಾಸೆಯನ್ನೂ ತಡೆಯದು. 2017ರಲ್ಲಿ ಕಂಪನಿ ಮೊದಲ ಬಾರಿ ಸಾರ್ವಜನಿಕರಿಗೆ ಷೇರು ಮಾರಿದಾಗಲೇ (ಐಪಿಒ) 299 ರೂಪಾಯಿಗೆ ಪಡೆದವರಿಗೆ ಈ ಕುಸಿತ ಲೆಕ್ಕಕ್ಕೇ ಇಲ್ಲ. ಪೆಟ್ಟು ತಿಂದದ್ದು ಕುಸಿತದ ಹಿಂದಿನ ತಿಂಗಳು ಟೆಲಿಗ್ರಾಂ ಸಲಹೆ ನಂಬಿ ಕೊಂಡವರು.

ತಮ್ಮಲ್ಲಿ ಒಂದು ವಿನಂತಿ: ವಾಣಿಜ್ಯ ಪುಟದಲ್ಲಿ ಲಾಭ–ನಷ್ಟದ ಜೊತೆಗೆ ಹಳೆಯ ಮಳಿಗೆಗಳ ಮಾರಾಟ, ಷೇರಿನ ಪಿ/ಇ ಅನುಪಾತವನ್ನೂ (ಬೆಲೆ ಪ್ರತಿ ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬುದನ್ನು) ಕನ್ನಡದಲ್ಲಿ ಬಿಡಿಸಿ ಕೊಡಿ.

– ಸಣ್ಣ ಷೇರುದಾರ, ಹುಬ್ಬಳ್ಳಿ