ಎಂಜಿನ್ ಬೆಲೆಯ ಜೊತೆಗೆ ನಿರ್ವಹಣೆಯನ್ನೂ ನೋಡಬೇಕು

ಮಾನ್ಯ ಸಂಪಾದಕರೇ,

ಗುಜರಾತಿನ ದಾಹೋದ್‌ನಲ್ಲಿ 9,000 ಅಶ್ವಶಕ್ತಿಯ 1,200 ವಿದ್ಯುತ್ ಎಂಜಿನ್‌ಗಳ ತಯಾರಿಕೆಗೆ ರೈಲ್ವೆ ಇಲಾಖೆಯು ಸೀಮೆನ್ಸ್ ಕಂಪನಿಯೊಂದಿಗೆ 2023ರಲ್ಲಿ ಮಾಡಿಕೊಂಡ ಒಪ್ಪಂದದ ಮೊತ್ತ ಸುಮಾರು 26,000 ಕೋಟಿ ರೂಪಾಯಿ. ಅಂದರೆ ಒಂದು ಎಂಜಿನ್‌ಗೆ 21 ಕೋಟಿಗೂ ಹೆಚ್ಚು. ಇದು ದುಬಾರಿ ಎನ್ನುವವರು, ಅದೇ ಒಪ್ಪಂದದಲ್ಲಿ 35 ವರ್ಷಗಳ ನಿರ್ವಹಣೆಯೂ ಸೇರಿದೆ ಎಂಬುದನ್ನು ಗಮನಿಸಬೇಕು.

ಇಂಥ ಎಂಜಿನ್‌ನ ಜೀವಾಳ ಉಕ್ಕಿನ ಕವಚವಲ್ಲ, ಒಳಗಿನ ಕನ್ವರ್ಟರ್. 25,000 ವೋಲ್ಟ್ ತಂತಿಯಿಂದ ಬಂದ ಸಿಂಗಲ್ ಫೇಸ್ ಕರೆಂಟನ್ನು ಟ್ರಾನ್ಸ್‌ಫಾರ್ಮರ್ ತಗ್ಗಿಸಿಕೊಟ್ಟ ಮೇಲೆ, ಕನ್ವರ್ಟರ್ ಅದನ್ನು ತ್ರೀ ಫೇಸ್‌ಗೆ ಬದಲಿಸಿ, ವೇಗಕ್ಕೆ ತಕ್ಕ ಆವರ್ತನದಲ್ಲಿ ಮೋಟಾರುಗಳಿಗೆ ಕಳಿಸುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಅದೇ ಮೋಟಾರುಗಳು ಜನರೇಟರ್‌ಗಳಾಗಿ ಕರೆಂಟನ್ನು ತಂತಿಗೆ ಮರಳಿಸುತ್ತವೆ. ಡೀಸೆಲ್ ಎಂಜಿನ್‌ನಲ್ಲಿ ಆ ಶಕ್ತಿ ರೆಸಿಸ್ಟರ್‌ಗಳಲ್ಲಿ ಬಿಸಿಯಾಗಿ ಗಾಳಿಪಾಲಾಗುತ್ತದೆ. ಕ್ಯಾಸಲ್‌ರಾಕ್ ಘಟ್ಟದಲ್ಲಿ ಅದಿರು, ಕಲ್ಲಿದ್ದಲು ಸಾಗಿಸುವ ನಮ್ಮ ಭಾಗಕ್ಕೆ ಇದು ಸಣ್ಣ ಮಾತಲ್ಲ.

ದಾಹೋದ್ ಎಂಜಿನ್‌ಗಳ ನಿರ್ವಹಣೆಗೆ ಗೊತ್ತುಪಡಿಸಿದ್ದು ವಿಶಾಖಪಟ್ಟಣ, ರಾಯಪುರ, ಖರಗಪುರ ಮತ್ತು ಪುಣೆ. ನೈರುತ್ಯ ರೈಲ್ವೆಯ ಕೇಂದ್ರಸ್ಥಾನವಾದ ಹುಬ್ಬಳ್ಳಿ ಆ ಪಟ್ಟಿಯಲ್ಲಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರ ತಂದಿದೆ. ಇಲ್ಲಿನ ಡೀಸೆಲ್ ಶೆಡ್‌ನ ಸಿಬ್ಬಂದಿ ತ್ರೀ ಫೇಸ್ ಮೋಟಾರಿನ ಡೀಸೆಲ್ ಎಂಜಿನ್‌ಗಳನ್ನು ವರ್ಷಗಳಿಂದ ನಿಭಾಯಿಸುತ್ತ ಬಂದವರು. ಆ ಎಂಜಿನ್‌ಗಳಲ್ಲೂ ಮೋಟಾರುಗಳಿಗೆ ತ್ರೀ ಫೇಸ್ ಕರೆಂಟ್ ಒದಗಿಸುವ ಇನ್ವರ್ಟರ್ ಇರುವುದರಿಂದ ಇಂಥ ಉಪಕರಣ ಅವರಿಗೆ ಹೊಸದೇನಲ್ಲ. ಆದ್ದರಿಂದ ಕನ್ವರ್ಟರ್ ಮತ್ತು ನಿಯಂತ್ರಣ ಕಾರ್ಡುಗಳ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಫಲಕಗಳ) ದುರಸ್ತಿ ಘಟಕವೊಂದನ್ನು ಹುಬ್ಬಳ್ಳಿಯಲ್ಲಿ ತೆರೆದು, ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಐಟಿಐ ವಿದ್ಯಾರ್ಥಿಗಳಿಗೆ ಅಲ್ಲಿ ಅಪ್ರೆಂಟಿಸ್ ತರಬೇತಿ ಕೊಡಬೇಕೆಂದು ರೈಲ್ವೆ ಮಂಡಳಿಯನ್ನು ಒತ್ತಾಯಿಸುತ್ತೇನೆ.

– ಓದುಗ, ಕೇಶ್ವಾಪುರ, ಹುಬ್ಬಳ್ಳಿ